ಡಿಕ್ಕಿಯೊಳಗಿನ ಐಸು

ಕೊಟ್ಟೂರು
೧೨ ಜನವರಿ ೨೦೨೫

ಲೇ ಮೈಲಾರೇಶ,

ನೀನು ಹಡಗು ಹತ್ತಿದ ಮೇಲೆ ನಿನ್ನ ಮೊಬೈಲು ಬರೀ ಅಲಾರಂ ಗಡಿಯಾರವಾಗಿದೆ ಎಂದು ನಿನ್ನ ತಂಗಿ ಶಿವಲೀಲಾ ಹೇಳಿದಳು. ಸಮುದ್ರದ ಮೇಲೆ ಸಿಗ್ನಲ್ ಇಲ್ಲ. ಬಂದರಿಗೆ ಬಂದ ದಿನ ಫೋನ್ ಮಾಡಿದರೆ ಗೊರಕೆಯ ನಡುವೆ ‘ಹೂಂ’ ಅನ್ನುತ್ತೀ. ಹಾಸ್ಟೆಲ್ ರಜೆಯಲ್ಲಿ ಬರೆಯುತ್ತಿದ್ದಂತೆ ಕಾಗದ ಬರೆದರೆ ಓದಿಯಾದರೂ ಓದುತ್ತೀ ಎಂದು ವಿಶಾಖಪಟ್ಟಣದ ನಿಮ್ಮ ಏಜೆಂಟರ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ. ಅಂಚೆ ಕಚೇರಿಯಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದ್ದಕ್ಕೆ ಕೌಂಟರಿನ ತಿಪ್ಪೇರುದ್ರಮ್ಮ ಕನ್ನಡಕ ಇಳಿಸಿ, “ಯಾರಿಗ್ರೀ? ಹುಡುಗಿಗಾ?” ಅಂದರು. “ಇಲ್ರಿ, ಗಡ್ಡ ಐತ್ರಿ ಅವಂಗ” ಅಂದೆ. ಅನುಮಾನ ಇನ್ನೂ ಜಾಸ್ತಿಯಾಯಿತು.

ವಿಷಯಕ್ಕೆ ಬರುತ್ತೇನೆ. ನನ್ನ ಗ್ಯಾರೇಜಿನ ಹಿಂದೆ ತಾಡಪಾಲು ಹೊದ್ದು ಮಲಗಿತ್ತಲ್ಲ, ಕೆಂಪು ಬಣ್ಣದ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಅದು ಎದ್ದಿದೆ. ಬರೀ ಎದ್ದಿಲ್ಲ, ಅದಕ್ಕೆ ಸೂಪರ್‌ಚಾರ್ಜರ್ ಕೂಡಿಸಿದ್ದೇನೆ. ಇಂಜಿನ್ನಿನ ಬೆಲ್ಟಿನಿಂದಲೇ ತಿರುಗಿ, ಗಾಳಿಯನ್ನು ಸಂತೆ ದಿನದ ಬಸ್ಸಿಗೆ ಜನ ತುಂಬಿದಂತೆ ಒತ್ತಿ ಒತ್ತಿ ಒಳಗೆ ಕಳಿಸುವ ಯಂತ್ರ. ಗಾಳಿ ಹೆಚ್ಚು, ಪೆಟ್ರೋಲು ಹೆಚ್ಚು, ಓಟ ಹೆಚ್ಚು. ನಮ್ಮವ್ವ ನೀಲಗಂಗಮ್ಮ ಬಾಗಿಲಲ್ಲಿ ನಿಂತು ನೋಡಿ, “ಕಾರಿಗೆ ಗಾಳಿ ತುಂಬಾಕ ಹೋಗಿ ಇವಂಗ ಗಾಳಿ ಹಿಡದೈತಿ” ಎಂದು ತೀರ್ಪು ಕೊಟ್ಟಳು.

ತೊಂದರೆ ಒಂದೇ. ಸೈಕಲ್ ಪಂಪು ಹೊಡೆದಾಗ ಬುಡ ಸುಡುವುದಿಲ್ಲವೇ? ಹಾಗೆ ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಇಂಜಿನ್ನಿಗೆ ಹೋದರೆ ಪೆಟ್ರೋಲು ಕಿಡಿಗೆ ಕಾಯದೆ ತಾನೇ ಹತ್ತಿಕೊಳ್ಳುತ್ತದೆ, ಕರೆಯದ ಮದುವೆಗೆ ಮೊದಲ ಪಂಕ್ತಿಯಲ್ಲೇ ಕೂತ ನೆಂಟನ ಹಾಗೆ. ಅದಕ್ಕೇ ನಡುವೆ ಇಂಟರ್‌ಕೂಲರ್ ಎಂಬ ಡಬ್ಬಿ. ಅದರೊಳಗೆ ಒಂದು ಕಡೆ ಬಿಸಿ ಗಾಳಿ, ಇನ್ನೊಂದು ಕಡೆ ತಣ್ಣೀರು. ನೀರಿಗೆ ಒಂದು ಟ್ಯಾಂಕು, ಟ್ಯಾಂಕಿಗೆ ಐಸ್ ಫ್ಯಾಕ್ಟರಿಯ ಐಸು, ನೀರು ತಿರುಗಿಸಲು ಸಣ್ಣ ಪಂಪು. ಗಾಳಿಯ ಬಿಸಿ ಅಳೆಯಲು ಕಂಪನಿಯವರು ಇಟ್ಟ ಸೆನ್ಸರು ಫಿಲ್ಟರಿನ ಬಾಯಲ್ಲಿದೆ, ಸೂಪರ್‌ಚಾರ್ಜರಿಗಿಂತ ಮುಂಚೆ. ಅದು ಕೊಟ್ಟೂರಿನ ಹವಾಮಾನ ವರದಿ ಬಿಟ್ಟು ಬೇರೇನೂ ಹೇಳದು. ಅದಕ್ಕೆ ನನ್ನ ಮೀಟರನ್ನು ಟ್ಯಾಂಕಿನ ನೀರಿಗೇ ಇಳಿಬಿಟ್ಟಿದ್ದೇನೆ.

ಮಾರ್ಚ್ ಒಂಬತ್ತರಂದು ಹರಪನಹಳ್ಳಿ ಆಚೆ ಗಾಳಿಯಂತ್ರಗಳ ನಡುವಿನ ಖಾಸಗಿ ರಸ್ತೆಯಲ್ಲಿ ದಾವಣಗೆರೆಯ ಕಾರ್ ಕ್ಲಬ್ಬಿನವರು ವೇಗದ ಓಟ ಇಟ್ಟಿದ್ದಾರೆ. ನಾನು ಬಿಚ್ಚುವವನು, ಓಡಿಸುವವನಲ್ಲ. ಓಡಿಸುವವಳು ಶಿವಲೀಲಾ. ಮುಖ ಗಂಟು ಹಾಕಬೇಡ, ಅವಳೇ ಕೇಳಿದ್ದು.

ನಿನ್ನೆ ಅದೇ ರಸ್ತೆಯಲ್ಲಿ ಮೊದಲ ಪರೀಕ್ಷೆ ಮಾಡಿದೆವು. ಓಡಿತು ನೋಡು, ಹದ್ದಿನಂತೆ! ಆದರೆ ಒಂದೇ ಓಟಕ್ಕೆ ಟ್ಯಾಂಕಿನ ಐಸೆಲ್ಲ ಕರಗಿ ನೀರು ಉಗುರುಬೆಚ್ಚಗಾಯಿತು. ಹಿಂತಿರುಗುವ ನೀರು ಟ್ಯಾಂಕಿಗೆ ಬೀಳುವಾಗ ತುಳುಕ್ ತುಳುಕ್ ಎಂದು ನನ್ನನ್ನು ಅಣಕಿಸುತ್ತಿತ್ತು. ಇಂಥ ಟ್ಯಾಂಕು ಕಟ್ಟಿದ್ದಕ್ಕೆ ನಾಚಿಕೆಯಾಗಿದೆ. ಹಡಗಿನವನೇ, ಏನಾದರೂ ಹೇಳು.

ನಿನ್ನ
ಪ್ರವೀಣ

*

ವಿಶಾಖಪಟ್ಟಣ
೨೭ ಜನವರಿ ೨೦೨೫

ಪ್ರವೀಣಕುಮಾರ ಮಹಾಶಯರೇ,

ನಿಮ್ಮ ಕಾಗದವನ್ನು ಏಜೆಂಟರು ಎರಡು ಬೆರಳಲ್ಲಿ ಹಿಡಿದು ತಂದುಕೊಟ್ಟರು. ಇನ್‌ಲ್ಯಾಂಡ್ ಲೆಟರ್ ಕಂಡು, ಯಾರೋ ತೀರಿಹೋದ ಸುದ್ದಿ ಇರಬೇಕೆಂದು ನನ್ನ ಹೆಗಲು ಮುಟ್ಟಿದರು. ಲೇ, ಇನ್ನು ಮುಂದೆ ಲಕೋಟೆಯಲ್ಲಿ ಹಾಕು.

ಶಿವಲೀಲಾ ಓಡಿಸುವುದು ನನಗೆ ಆಶ್ಚರ್ಯವಲ್ಲ. ಕುರಿ ತುಂಬಿದ ಪಿಕಪ್ಪನ್ನು ನಮ್ಮೂರು ತೆಲಿಗಿಯಿಂದ ಸಂತೆಗೆ ಅವಳು ಓಡಿಸುವುದನ್ನು ಕಂಡಿದ್ದೇನೆ. ತಿರುವು ಬಂದರೆ ಕುರಿಗಳೂ ಸರಿಯಾದ ಕಡೆಗೆ ವಾಲಲು ಕಲಿತಿವೆ. ಆದರೆ ಪ್ರವೀಣ, ಇದೊಂದು ಮಾತು ನಗೆಯಾಚೆ ಇಟ್ಟುಕೋ. ಕಾರು ನಿನ್ನದು, ಒಳಗೆ ಕೂರುವವಳು ನನ್ನ ತಂಗಿ. ಒಂದು ಬೋಲ್ಟಿನ ಮೇಲೆ ಅನುಮಾನ ಬಂದರೂ ಓಟ ನಿಲ್ಲಿಸು. ಪ್ರತಿ ಪರೀಕ್ಷೆಯ ಮೇಲೂ ನನಗೆ ಬರಿ. ನಮ್ಮವ್ವ ಭರಮಮ್ಮಗೆ ಹೇಳಿದ್ದೀಯಾ?

ಐಸಿನ ವಿಷಯ. ನೀನು ಹೇಳುವಂಥದೇ ಡಬ್ಬಿ ನಮ್ಮ ಹಡಗಿನ ಇಂಜಿನ್ನಿಗೂ ಇದೆ, ನಿಮ್ಮ ಅಡುಗೆಮನೆಯಷ್ಟು ದೊಡ್ಡದು. ಸಮುದ್ರದ ನೀರೇ ಅದಕ್ಕೆ ಐಸು. ನಾನು ನಾಲ್ಕನೆಯ ಇಂಜಿನಿಯರ್, ಅಂದರೆ ಮೀಟರ್ ಓದುವವರಲ್ಲಿ ಕೊನೆಯವನು. ಅದನ್ನು ಬಿಚ್ಚುವುದು ನನ್ನ ಕೈಮೀರಿದ ಮಾತು.

ಆದರೆ ನೀರು ತಣ್ಣಗಿಡುವ ವಿದ್ಯೆಗೆ ಹಡಗಿನವನನ್ನು ಯಾಕೆ ಕೇಳುತ್ತೀಯೋ ಮಂಕೇ? ನಿಮ್ಮ ಮನೆಯಲ್ಲೇ ಕುಡಿಯುವ ನೀರಿನ ಮಣ್ಣಿನ ಹರವಿ ಇದೆಯಲ್ಲ! ನೀಲಗಂಗವ್ವ ಅದನ್ನು ಒಲೆಯ ಪಕ್ಕ ಇಟ್ಟಿದ್ದಾಳೇನು? ಮೂಲೆಯಲ್ಲಿ, ಮರಳಿನ ಮೇಲೆ, ಹಸಿ ಗೋಣಿ ಸುತ್ತಿ ಇಡುತ್ತಾಳೆ. ನೀನು ಹರವಿಯನ್ನು ಒಲೆಯ ಮೇಲೇ ಇಟ್ಟು, ನೀರು ಕಾಯಿತು ಅಂತ ಅಳುತ್ತೀ. ಟ್ಯಾಂಕಿಗೆ ಗೋಣಿ ಉಡಿಸಿ, ಇಂಜಿನ್ನಿನಿಂದ ದೂರ ಕಳಿಸು. ನನ್ನ ಫೀಸು ಒಂದು ಪ್ಲೇಟು ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ.

ಮೈಲಾರೇಶ್

*

ಕೊಟ್ಟೂರು
೧೧ ಫೆಬ್ರುವರಿ ೨೦೨೫

ಗುರುವೇ ಮೈಲಾರಾ,

ನಿನಗೆ ಮಂಡಕ್ಕಿ ಅಲ್ಲ, ಮೆರವಣಿಗೆ!

ನಿನ್ನ ತಮಾಷೆಯನ್ನು ನಾನು ಶಾಸ್ತ್ರದಂತೆ ಪಾಲಿಸಿದೆ. ಟ್ಯಾಂಕನ್ನು ಇಂಜಿನ್ ಬಳಿಯಿಂದ ಕಿತ್ತು ಹಿಂದಿನ ಡಿಕ್ಕಿಗೆ ಹಾಕಿದೆ. (ಸಾಮಾನು ಇಡುವ ಡಿಕ್ಕಿ ಮಾರಾಯ, ಹೊಡೆಯುವ ಡಿಕ್ಕಿ ಅಲ್ಲ.) ಕೆಳಗೆ ತಟ್ಟೆಯಲ್ಲಿ ಮರಳು, ಸುತ್ತ ಎರಡು ಪದರ ಹಸಿ ಗೋಣಿ, ಮುಚ್ಚಳದ ಮೇಲೂ ಗೋಣಿ. ಪೈಪು ಉದ್ದವಾಯಿತು. ಹಿಂದಿನ ಅಚ್ಚಿನ ಮೇಲೆ ಒಂಟೆ ಡುಬ್ಬದ ಹಾಗೆ ಏರಿಸಿ ಇಳಿಸಿ ಮುಂದಕ್ಕೆ ಒಯ್ದಿದ್ದೇನೆ. ಕೀಲಿ ತಿರುಗಿಸಿದರೆ ಪಂಪು ‘ಞುಯ್’ ಎಂದು ಚೆನ್ನಾಗಿ ಶ್ರುತಿ ಹಿಡಿಯುತ್ತದೆ.

ಮೊನ್ನೆ ಅದೇ ರಸ್ತೆಯಲ್ಲಿ ಎರಡನೆಯ ಪರೀಕ್ಷೆ. ಆ ದಿನದ ಬಿಸಿಲು ಕೇಳಬೇಡ, ಕೂಡ್ಲಿಗಿ ಕಡೆಯ ಬಂಡೆಗಳೆಲ್ಲ ರೊಟ್ಟಿ ಹಂಚಾಗಿದ್ದವು. ಓಟ ಮುಗಿದ ಮೇಲೆ ಮುಚ್ಚಳ ತೆಗೆದರೆ, ಐಸು ಹಾಕಿದ್ದು ಹಾಕಿದ ಹಾಗೇ! ಮೀಟರು ನಾಲ್ಕು ಡಿಗ್ರಿಯಿಂದ ಅಲುಗಿಲ್ಲ. ನಮ್ಮವ್ವನೂ ಬಂದಿದ್ದಳು. ಟ್ಯಾಂಕಿಗೆ ಕೈ ಅದ್ದಿ, “ಹರವಿ ಅಂದ್ರ ಹಿಂಗಿರಬೇಕಪಾ. ಸಂಜಿತನಕ ತಣ್ಣಗಿದ್ರ ಅದು ಹರವಿ” ಎಂದು ಮೊದಲ ಸಲ ನನ್ನ ಗ್ಯಾರೇಜಿನ ವಸ್ತುವೊಂದನ್ನು ಹೊಗಳಿದಳು. ಶಿವಲೀಲಾ ಹೆಲ್ಮೆಟ್ ತೆಗೆದವಳೇ ಅದೇ ನೀರಲ್ಲಿ ಮುಖ ತೊಳೆದು, “ಅಯ್ಯಯ್ಯ, ಹಲ್ಲು ಜುಮ್ ಅಂತಾವೋ ಅಣ್ಣಾ” ಅಂದಳು. ಹಿಂದೆ ನೀರು ತಿರುಗಿ ಬೀಳುವಾಗ ತುಳುಕ್ ತುಳುಕ್ ಎನ್ನುತ್ತಿತ್ತಲ್ಲ, ಈಗ ಆ ಸದ್ದೂ ಇಲ್ಲ. ಗೋಣಿ ಉಟ್ಟ ಮೇಲೆ ಮರ್ಯಾದಸ್ಥರ ಮನೆಯ ಸೊಸೆಯಾಗಿದೆ.

ಸಣ್ಣ ಪುಟ್ಟ ಎರಡು ಮಾತು, ನೀನು ಪ್ರತಿಯೊಂದನ್ನೂ ಬರಿ ಎಂದದ್ದಕ್ಕೆ. ಒಂದು, ವೇಗ ಏರಿದಾಗ ಒಳಗೆಲ್ಲೋ ಗೆಜ್ಜೆ ಅಲ್ಲಾಡಿಸಿದಂತೆ ಸಣ್ಣಗೆ ಕೇಳುತ್ತದಂತೆ. “ಎಳೆತದಾಗ ಇಲ್ಲದ ಕಸುವು ಗೆಜ್ಜಿಗೆ ಬಂದೈತಿ” ಅನ್ನುತ್ತಾಳೆ ನಿನ್ನ ತಂಗಿ. ಮೊದಲಿನಷ್ಟು ಎಳೆತ ಇಲ್ಲ ಎಂಬುದು ಅವಳ ದೂರು. ಮರಳು, ಗೋಣಿ, ನೀರು ಎಲ್ಲ ಸೇರಿ ಹಿಂಭಾಗ ಭಾರವಾಗಿದೆ, ಅಷ್ಟೇ. ಇನ್ನೊಂದು, ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಒಂದರ ಬಿಳಿ ಪಿಂಗಾಣಿಯ ಮೇಲೆ ಬೆಳ್ಳಿ ಹುಡಿಯಂಥ ಚುಕ್ಕೆಗಳಿದ್ದವು. ಪೆಟ್ರೋಲು ಕಲಬೆರಕೆ ಇರಬೇಕು. ಬೇರೆ ಬಂಕಿಗೆ ಹೋಗುತ್ತೇನೆ.

ನಿಮ್ಮವ್ವಗೆ ‘ಕಾರ್ ಪ್ರದರ್ಶನ’ ಎಂದು ಹೇಳಿದ್ದೇನೆ. ಸುಳ್ಳಲ್ಲವಲ್ಲ, ಕಾರು ಕಾಣಿಸುತ್ತದೆ. ತುಂಬಾ ಹೊತ್ತು ಕಾಣಿಸುವುದಿಲ್ಲ, ಅಷ್ಟೇ.

ನಿನ್ನ ಶಿಷ್ಯ
ಪ್ರವೀಣ

*

ವಿಶಾಖಪಟ್ಟಣ
೨೨ ಫೆಬ್ರುವರಿ ೨೦೨೫

ಶಿಷ್ಯೋತ್ತಮಾ,

ಹಡಗು ರಿಪೇರಿಗೆ ನಿಂತಿದೆ. ಬೆಳಿಗ್ಗೆ ಒಳಗೆ ಇಳಿದರೆ ಹೊರಗೆ ಬರುವಾಗ ನನ್ನ ಮುಖ ನನಗೇ ಗುರುತು ಸಿಗುವುದಿಲ್ಲ. ಅದೇ ಡಬ್ಬಿ, ನಮ್ಮ ಇಂಜಿನ್ನಿನ ಗಾಳಿ ತಣಿಸುವ ಕೂಲರು, ಈಗ ಬಿಚ್ಚಿ ತೊಳೆಯುತ್ತಿದ್ದಾರೆ. ಬಕೆಟ್ಟು ಹಿಡಿಯುವ ಗೌರವ ನನ್ನದು. ಹೀಗಾಗಿ ನಾಲ್ಕೇ ಸಾಲು.

ನಿನ್ನ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ನೀನು ಆ ಕಾರಿಗೆ ಸೂಪರ್‌ಚಾರ್ಜರ್ ಹಾಕಿದೆ ಎಂದಾಗಿನಿಂದ ಒಳಗೊಳಗೇ ಅಳುಕಿತ್ತು, ಹೇಳಿರಲಿಲ್ಲ. ಐಸು ಹಾಗೇ ಉಳಿಯಿತಲ್ಲ, ಇನ್ನು ಚಿಂತೆಯಿಲ್ಲ. ಗೆಜ್ಜೆ ಸದ್ದಿಗೆ ಯಾವುದಾದರೂ ತಗಡಿನ ಸ್ಕ್ರೂ ಬಿಗಿ ಮಾಡು. ಶಿವಲೀಲಾಗೆ ಹೇಳು, ಅಣ್ಣ ನೋಡಿದ್ದಾನೆ, ಎಲ್ಲ ಸರಿ ಇದೆ, ಧೈರ್ಯವಾಗಿ ತುಳಿ ಅಂತ.

ಮಾರ್ಚ್ ಆರಕ್ಕೆ ಪೋರ್ಟ್‌ಬ್ಲೇರಿಗೆ ಹೊರಡುತ್ತೇವೆ. ಹತ್ತನೇ ತಾರೀಖು ದಡ ಮುಟ್ಟಿ, ಸಿಗ್ನಲ್ ಬಂದ ಕೂಡಲೇ ಫೋನ್ ಮಾಡುತ್ತೇನೆ. ಗೆದ್ದ ಸುದ್ದಿಯನ್ನೇ ಹೇಳಬೇಕು.

ಮೈಲಾರೇಶ್

*

ಬಂಗಾಳ ಕೊಲ್ಲಿ
೮ ಮಾರ್ಚ್ ೨೦೨೫, ಸಂಜೆ

ಪ್ರವೀಣಾ,

ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಇದರಿಂದ ಉಪಯೋಗವಿಲ್ಲ, ಗೊತ್ತು. ಆದರೂ ಕೈ ಸುಮ್ಮನೆ ಇರುತ್ತಿಲ್ಲ.

ಇವತ್ತು ಮಧ್ಯಾಹ್ನದ ಪಾಳಿಯಲ್ಲಿ ನಾನು ಮೀಟರ್ ಓದುತ್ತಿದ್ದೆ. ತೊಳೆದು ಕೂಡಿಸಿದ ಆ ಕೂಲರಿನಿಂದ ಹೊರಬರುವ ನೀರಿನ ಪೈಪು ಮುಟ್ಟಿದೆ. ತಣ್ಣಗೆ, ಒಳಗೆ ಹೋಗುವ ನೀರಿನಷ್ಟೇ ತಣ್ಣಗೆ. ನನಗೆ ನಿನ್ನ ಹರವಿ ನೆನಪಾಯಿತು. ಖುಷಿಯಿಂದ ಓಡಿಹೋಗಿ ಸೆಕೆಂಡ್ ಇಂಜಿನಿಯರ್ ಸಾಹೇಬರಿಗೆ, “ಕೂಲರ್ ಭರ್ಜರಿ ಕೆಲಸ ಮಾಡ್ತಿದೆ ಸರ್, ನೀರು ಕಾದೇ ಇಲ್ಲ” ಅಂದೆ. ಆ ಮನುಷ್ಯ ಕೈಲಿದ್ದ ಚಹದ ಲೋಟ ನೆಲಕ್ಕೆ ಬಿಟ್ಟು ಓಡಿದರು. ಮೊದಲು ಇಂಜಿನ್ ವೇಗ ಇಳಿಸಿದರು. ಆಮೇಲೆ ಕೂಲರಿನ ನೆತ್ತಿಯ ಮೇಲಿನ ಪುಟ್ಟ ನಲ್ಲಿ ತಿರುಗಿಸಿದರು. ಬುಸ್ ಎಂದು ಗಾಳಿ ಹೊರಬಂತು, ಎಷ್ಟೋ ಹೊತ್ತು ಬಂತು. ಅದು ನಿಂತು ನೀರು ಚಿಮ್ಮಿದ ಮೇಲೆ ನನ್ನ ಕಡೆ ತಿರುಗಿ ಕೇಳಿದರು: “ನೀರು ಕಾದಿಲ್ಲ ಅಂದರೆ ಆ ಶಾಖ ಎಲ್ಲಿಗೆ ಹೋಯಿತಯ್ಯಾ?”

ಅವರು ಕೇಳಿದ್ದು ಹಡಗಿನ ಬಗ್ಗೆ. ನನಗೆ ಕಂಡದ್ದು ನಿನ್ನ ಡಿಕ್ಕಿ.

ಪ್ರವೀಣ, ನಾವಿಬ್ಬರೂ ಹರವಿ ನೋಡುವ ಕಣ್ಣಿನಿಂದ ನೋಡಿದೆವು. ಹರವಿಯ ನೀರು ಕುಡಿಯಲಿಕ್ಕೆ, ಅದು ತಣ್ಣಗೇ ಉಳಿಯಬೇಕು. ಇದು ಕುಡಿಯುವ ನೀರಲ್ಲ, ಶಾಖ ಹೊರುವ ಕೂಲಿಯಾಳು. ಕೂಲಿಯಾಳು ಬೆವರಿಲ್ಲ ಅಂದರೆ ಮೂಟೆ ಹೊತ್ತಿಲ್ಲ. ಜನವರಿಯಲ್ಲಿ ಐಸು ಕರಗಿತು ಎಂದು ನೀನು ನಾಚಿಕೊಂಡೆಯಲ್ಲ, ಅವತ್ತು ನಿನ್ನ ಟ್ಯಾಂಕು ಸರಿ ಇತ್ತು. ಗಾಳಿಯ ಬಿಸಿಯನ್ನೆಲ್ಲ ನೀರು ಹೊತ್ತು ತಂದಿತ್ತು. ಟ್ಯಾಂಕನ್ನು ಹಿಂದಕ್ಕೆ ಒಯ್ದು, ಪೈಪನ್ನು ಒಂಟೆ ಡುಬ್ಬ ಮಾಡಿದೆಯಲ್ಲ, ಆ ಡುಬ್ಬದ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಹೊಲದ ಪೈಪಿಗೆ ಗಾಳಿ ಹಿಡಿದರೆ ಮೋಟರು ತಿರುಗಿದರೂ ಹನಿ ನೀರು ಬರುವುದಿಲ್ಲ, ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಪಂಪು ಶ್ರುತಿ ಹಿಡಿಯುತ್ತಿದೆ, ಹಾಡುತ್ತಿಲ್ಲ. ತುಳುಕ್ ಸದ್ದು ನಿಂತದ್ದು ಮರ್ಯಾದೆಯಲ್ಲ, ನೀರು ತಿರುಗುವುದೇ ನಿಂತದ್ದು. ನೀಲಗಂಗವ್ವ ಗಾಳಿ ಹಿಡದೈತಿ ಅಂದಳು, ನಾವು ನಕ್ಕೆವು.

ಆ ಗೆಜ್ಜೆ ಯಾವ ತಗಡಿನದೂ ಅಲ್ಲ. ಕಾದ ಗಾಳಿಗೆ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ನಿನ ತಲೆ ಬಡಿಯುವ ಸದ್ದು. ಪ್ಲಗ್ಗಿನ ಮೇಲಿನ ಬೆಳ್ಳಿ ಹುಡಿ ಪೆಟ್ರೋಲಿನದಲ್ಲ, ಪಿಸ್ಟನ್ನಿನ ಲೋಹ. ನನ್ನ ತಂಗಿಯ ಕಾಲ ಮುಂದಿನ ಇಂಜಿನ್ನು ಚೂರು ಚೂರೇ ಕರಗುತ್ತಿದೆ. ಪೂರ್ತಿ ವೇಗದಲ್ಲಿ ಪಿಸ್ಟನ್ ತೂತಾದರೆ, ರಾಡು ಮುರಿದು ಹೊರಬಂದರೆ, ಕಾದ ಎಣ್ಣೆ ಸುಡುವ ಪೈಪಿನ ಮೇಲೆ ಬಿದ್ದರೆ ಏನೇನು ಆಗುತ್ತದೆ ಎಂದು ಬರೆಯಲಾರೆ. ಸಾಹೇಬರು ಒಂದು ಸಲ ಕಂಡಿದ್ದಾರಂತೆ. ಕೇಳಿದೆ. ಕೇಳಬಾರದಿತ್ತು.

ಕ್ಯಾಪ್ಟನ್ನರ ಕಾಲಿಗೆ ಬಿದ್ದು ಉಪಗ್ರಹ ಫೋನು ಇಸಿದುಕೊಂಡೆ. ನಿನಗೆ ಮಾಡಿದೆ. ರಿಂಗಾಯಿತು, ಕಟ್ಟಾಯಿತು. ಮತ್ತೆ ಮಾಡಿದೆ, ಕಟ್ಟಾಯಿತು. ಶಿವಲೀಲಾಗೆ ಮಾಡಿದೆ, ಅವಳೂ ಕಟ್ ಮಾಡಿದಳು. ಅಪ್ಪ ಕುರಿ ಹಿಂದೆ ಹೋಗಿರಬೇಕು, ಸ್ವಿಚ್ ಆಫ್. ಬೆಳಿಗ್ಗೆ ಮತ್ತೊಮ್ಮೆ ಫೋನು ಕೊಡುತ್ತೇನೆ ಎಂದು ಕ್ಯಾಪ್ಟನ್ನರು ಹೇಳಿದ್ದಾರೆ.

ಒಂದೇ ಒಂದು ಸಲ ಎತ್ತೋ ಪ್ರವೀಣ. ಅವಳನ್ನು ಕೂರಿಸಬೇಡ. ಎಲ್ಲ ಸರಿ ಇದೆ ಎಂದು ಬರೆದವನು ನಾನೇ, ಆ ಕಾಗದ ಹರಿದು ಒಲೆಗೆ ಹಾಕು.

ಮೈಲಾರೇಶ್

*

ಹರಪನಹಳ್ಳಿ ಆಚೆ, ಗಾಳಿಯಂತ್ರಗಳ ಕೆಳಗೆ
೯ ಮಾರ್ಚ್ ೨೦೨೫, ಬೆಳಿಗ್ಗೆ

ಹಡಗಿನ ಹಮ್ಮೀರಾ,

ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ನಡುಗಿದ್ದರೆ ಅದು ಇಂಜಿನ್ನಿನದು, ನನ್ನದಲ್ಲ. ಬಾನೆಟ್ಟು ಸ್ವಲ್ಪ ಜಾಸ್ತಿಯೇ ಸುಡುತ್ತಿದೆ, ಕೆಳಗೆ ಹಳೆಯ ಪೇಪರು ಮಡಚಿ ಹಾಕಿಕೊಂಡಿದ್ದೇನೆ. ನೀರಿನ ವ್ಯಾನಿನ ದುರುಗೇಶ ಹರಪನಹಳ್ಳಿಗೆ ಹೊರಟಿದ್ದಾನೆ, ಅಲ್ಲಿಯ ಅಂಚೆ ಡಬ್ಬಿಗೆ ಇದನ್ನು ಹಾಕುತ್ತಾನೆ. ನೀನು ನಾಳೆ ಫೋನ್ ಮಾಡಿದಾಗ ಫಲಿತಾಂಶ ಹೇಳುತ್ತೇನೆ. ಆದರೆ ಓಟದ ಮುಂಚಿನ ಈ ಹೊತ್ತು ಫೋನಿನಲ್ಲಿ ಸಿಗುವುದಿಲ್ಲ, ಅದಕ್ಕೆ ಈ ಕಾಗದ.

ಇಲ್ಲಿ ಏನು ಗಾಳಿ ಅಂತೀ! ತಲೆ ಮೇಲೆ ಸಾಲಾಗಿ ರೆಕ್ಕೆಗಳು ತಿರುಗುತ್ತಿವೆ. ಅವುಗಳ ನೆರಳು ರಸ್ತೆಯ ಮೇಲೆ ಒಂದೊಂದಾಗಿ ಹಾದುಹೋಗುತ್ತಿದೆ. ಶಿವಲೀಲಾ ಅದನ್ನೇ ನೋಡುತ್ತ ನಿಂತಿದ್ದಳು. ನಾನು, “ಯಾಕವಾ, ಕುರಿ ನೆನಪಾದವೇನು?” ಎಂದೆ. ನಗಲಿಲ್ಲ. “ಅಣ್ಣಾ, ದನಿ ಸರಿ ಇಲ್ಲ ಅದರದು. ಇವತ್ತ ಬ್ಯಾಡ ಅನಸ್ತೈತಿ” ಅಂದಳು.

ಗೆಜ್ಜೆ ಸದ್ದು ಇನ್ನೂ ಇದೆ, ನಿಜ. ನೀನು ಹೇಳಿದಂತೆ ಎಲ್ಲ ತಗಡಿನ ಸ್ಕ್ರೂ ಬಿಗಿ ಮಾಡಿದ್ದೇನೆ. ಪ್ಲಗ್ಗುಗಳು ಈ ಸಲ ನಾಲ್ಕೂ ಬೆಳ್ಳಿಯಾಗಿವೆ. ಮೂರು ಬಂಕು ಬದಲಿಸಿದರೂ ಅದೇ ಕಥೆ, ಈ ಜಿಲ್ಲೆಯಲ್ಲಿ ಶುದ್ಧ ಪೆಟ್ರೋಲೇ ಇಲ್ಲವೋ ಏನೋ. ಹೊಸ ಪ್ಲಗ್ ಹಾಕಿದೆ. ಇಷ್ಟಕ್ಕೆಲ್ಲ ಬಿಟ್ಟು ಹೋಗಲಿಕ್ಕಾಗುತ್ತದೆಯೇ? ಅವಳ ಕೈ ಹಿಡಿದು ಡಿಕ್ಕಿಗೆ ಕರಕೊಂಡು ಹೋಗಿ ಟ್ಯಾಂಕಿನ ನೀರಲ್ಲಿ ಅದ್ದಿಸಿದೆ. “ಇದಕ್ಕಿಂತ ತಣ್ಣಗ ಎಲ್ಲಿ ಐತಿ ತೋರಸು” ಅಂದೆ. ಕೈ ಒರೆಸಿಕೊಂಡಳು, ಕೈಗವಸು ಮಾತ್ರ ಮುಟ್ಟಲಿಲ್ಲ. ಆಗ ಜೇಬಿನಿಂದ ನಿನ್ನ ಕಾಗದ ತೆಗೆದು ಓದಿದೆ. ಅಣ್ಣ ನೋಡಿದ್ದಾನೆ, ಎಲ್ಲ ಸರಿ ಇದೆ, ಧೈರ್ಯವಾಗಿ ತುಳಿ.

“ಮೈಲಾರಣ್ಣ ಅಂದಾನಾ? ಇಂಜಿನ್ ಓದಿದಾಂವ ಅವನಽ. ಹಂಗಾದ್ರ ನಡೀರಿ” ಅಂದಳು, ಕೈಗವಸು ಹಾಕಿಕೊಂಡಳು. ನನ್ನ ಮಾತಿಗೆ ಬಾಗದ ಹುಡುಗಿ ನಿನ್ನ ನಾಲ್ಕು ಸಾಲಿಗೆ ಬಾಗಿದಳು ನೋಡು. ಗುರು ಅಂದರೆ ನೀನೇ.

ನಿನ್ನೆ ಸಂಜೆ ಇನ್ನೊಂದು ಗಮ್ಮತ್ತು. ಎಂಟುನೂರ ಎಪ್ಪತ್ತೋ ಏನೋ, ಕಂಡು ಕೇಳದ ವಿದೇಶಿ ನಂಬರಿನಿಂದ ಒಂದೇ ಸಮನೆ ಫೋನು. ಶಿವಲೀಲಾಗೂ ಬಂತಂತೆ. “ಎತ್ತಬ್ಯಾಡೋ ಅಣ್ಣಾ, ಡಿಜಿಟಲ್ ಅರೆಸ್ಟ್ ಮಾಡತಾರ, ನಮ್ಮ ಓಬಮ್ಮಕ್ಕಗ ಹಿಂಗಽ ಬಂದಿತ್ತು” ಎಂದಳು. ಇಬ್ಬರೂ ಕಟ್ ಮಾಡಿದೆವು. ಬೆಳಿಗ್ಗೆ ಹಲ್ಲುಜ್ಜುವಾಗ ಮತ್ತೆ ಬಂತು. ಕಳ್ಳರಿಗೂ ಭಾನುವಾರ ರಜೆಯಿಲ್ಲವಲ್ಲೋ! ಬ್ಲಾಕ್ ಮಾಡಿ ಬಿಸಾಕಿದೆ. ಅವಳ ಫೋನನ್ನು ಕ್ಲಬ್ಬಿನವರು ಓಟ ಮುಗಿಯುವವರೆಗೆ ಇಸಿದುಕೊಂಡಿದ್ದಾರೆ. ಇನ್ನು ಯಾವ ಕಾಟವೂ ಇಲ್ಲ.

ಇಂಜಿನ್ ಬಿಸಿ ಮಾಡುವ ನಿಧಾನದ ಓಟ ಒಂದು ಮುಗಿಸಿ ಬಂದಿದ್ದಾಳೆ. ಮುಂದಿನದೇ ನಿಜವಾದದ್ದು, ಪೂರ್ತಿ ತುಳಿತ. ಬಾವುಟದವನು ಕರೆಯುತ್ತಿದ್ದಾನೆ. ಶಿವಲೀಲಾ ಹೆಲ್ಮೆಟ್ಟಿನ ಗಾಜು ಇಳಿಸಿ ನನ್ನ ಕಡೆ ಹೆಬ್ಬೆರಳು ಎತ್ತಿದಳು. ನಾನೂ ಎತ್ತಿದೆ.

ದುರುಗೇಶ ಹಾರ್ನ್ ಹೊಡೆಯುತ್ತಿದ್ದಾನೆ, ನಿಲ್ಲಿಸುತ್ತೇನೆ. ನಿನಗಾಗಿ ಈಗಷ್ಟೇ ಕೊನೆಯ ಸಲ ಮುಚ್ಚಳ ತೆಗೆದು ನೋಡಿ ಬಂದೆ ಕಣೋ. ಐಸು ಫ್ಯಾಕ್ಟರಿಯಿಂದ ತಂದ ಹಾಗೇ ಇದೆ. ಒಂದು ಮೂಲೆಯೂ ಕರಗಿಲ್ಲ.

ಪ್ರವೀಣ